ಬಾಗಿಲ ಬಲಕ್ಕಿದ್ದ ಬಕೀಟು

ಬಾಗಲಕೋಟಿ, ವಿದ್ಯಾಗಿರಿ. ಎರಡನೇ ಮಾಳಿಗಿ ಮ್ಯಾಲ
ನಮ್ಮ ರಸಾಯನದ ಲ್ಯಾಬು.
ಕಿಟಕಿಯಾಗ ಹಣಿಕಿದರ ದೂರಕ್ಕ ಹಿನ್ನೀರು,
ಮುಳುಗಿದ ಓಣಿಗಳ ಮ್ಯಾಲ ಹೊಳಿಯೋ ಬಿಸಿಲು.
ನಳ ತಿರುವಿದರ ಮಾತ್ರ
ಗಾಳಿ, ಒಂದು ಕೆಮ್ಮು, ಮತ್ತ ಗಾಳಿ.

ಅದಕ್ಕ ನದಾಫ ಕಾಕಾ ದಿನಾ ಮುಂಜಾನೆ
ಕೆಳಗಿನ ಸಂಪಿನಿಂದ ಒಂದು ನೀಲಿ ಬಕೀಟು ಹೊತ್ತು ತಂದು
ಬಾಗಿಲ ಬಲಕ್ಕ ಇಡತಿದ್ದ.
"ಮುಟ್ಟಬ್ಯಾಡ್ರಿ" ಅಂತಿದ್ದ. ಯಾಕಂತ ಹೇಳತಿರಲಿಲ್ಲ.
ನಾವೂ ಕೇಳಲಿಲ್ಲ.
ಚಹಾದ ಕಪ್ಪು ತೊಳದ್ವಿ. ಬೈಕ್ ಒರಸಾಕ
ವಿಠ್ಠಲ ಅದರಾಗ ಅರಿವಿ ಅದ್ದಿಕೊಂಡು ಹೋದ.

ಹನ್ನೊಂದು ಚಷ್ಮಾ, ಮೂವತ್ನಾಕು ಮಂದಿ.
ಹಾಕಿಕೊಂಡರ ಬ್ಯೂರೆಟ್ಟಿನ ಗೆರಿ ಕಾಣೂದಿಲ್ಲ,
ಹಾಕಿಕೊಂಡವರಿಗೆ "ವೆಲ್ಡಿಂಗ್ ಮಾಸ್ತರ" ಅಂತ ಹೆಸರು.
ಏಪ್ರನ್ನು ಅಂದರ
ಸಹಿ ಮಾಡಿಸೋ ಹೊತ್ತಿಗೆ ಮೈಯಿಂದ ಮೈಗೆ ದಾಟೋ ಬಿಳಿ ಅಂಗಿ.
ನಾನು ಶಾಂಭವಿ; ನನ್ನ ಜೇಬಿನ ಮ್ಯಾಲ ಹೊಲಿದ ಹೆಸರು
ಎರಡು ವರ್ಷದ ಹಿಂದ ಪಾಸಾಗಿ ಹೋದ ಮಹಾದೇವಿ ಯಡಹಳ್ಳಿದು.

ವೈವಾದಾಗ ಕೇಳಬೇಕಿತ್ರಿ ನನ್ನ:
ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ —
ಮಗ್ಗಿ ಹಂಗ, ಉಸುರು ಬಿಡದ.
ಐದಕ್ಕ ಐದು.

ಶುಕ್ರವಾರ. ನಾಲ್ಕೂವರಿ. ಐದಕ್ಕ ಇಳಕಲ್ಲಿನ ಬಸ್ಸು.
ಕೈಯಾಗ ಮಗ್ಗಿ ತಿರುವುಮುರುವಾತು.
ಚಟ್ ಅಂದದ್ದು ಒಂದ ಹನಿ, ಸಾಸಿವಿಯಷ್ಟು.
ಹಾರಿದ್ದು ಕಾಣಲಿಲ್ಲ;
ಬಲಗಣ್ಣಾಗ ಬಂದು ಕುಂತದ್ದು ಗೊತ್ತಾತು.

ಒಬ್ಬಾಕಿ ಊದಿದಳು. ಒಬ್ಬ ಹಾಲು ಅಂದ.
ಯಾರೋ, ಸರ್‌ಗೆ ಫೋನ್ ಹಚ್ರಿ ಅಂದರು.
ಕಾಕಾ ಜಡಿ ಹಿಡಿದು ನನ್ನ ತಲಿ ಬಗ್ಗಿಸಿದ.
ತಂಬಿಗಿ ಮ್ಯಾಲ ತಂಬಿಗಿ.
"ಕಣ್ಣು ಮುಚ್ಚಬ್ಯಾಡವಾ. ತೆರಿ. ಎಣಿಸು."

ಇಪ್ಪತ್ತಾರಕ್ಕ ಬಕೀಟಿನ ತಳ ಕೆರೆದ ಸಪ್ಪಳ.
ಮುಂಜಾನೆ ತುಂಬಿದ್ದು ಪೂರಾ ಬಕೀಟು;
ಉಳಿದರ್ಧ ಎಲ್ಲಿ ಹೋತಂತ
ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು.
ಬಾಯಿಗಿಳಿದ ನೀರಾಗ ಚಹಾಪುಡಿ ವಾಸನಿ.
ವಿಠ್ಠಲ ಖಾಲಿ ಬಕೀಟು ಕಸಗೊಂಡು
ಸಂಪಿನ ಕಡೆ ಓಡಿದ ಮೆಟ್ಟಲ ಸದ್ದು
ಇನ್ನೂ ಕೇಳತೈತಿ ನನಗ.

ಕಣ್ಣು ಉಳೀತು.
ಮೂರು ವಾರ ಚಷ್ಮಾಕ್ಕ ಜಗಳ, ಕಸಗೊಳ್ಳಾಟ.
ನಾಲ್ಕನೇ ವಾರಕ್ಕ ಅವು ಮತ್ತ ತಲಿ ಮ್ಯಾಲ ಏರಿ
ಕೂದಲ ಹಿಡಿಯಾಕ ಹತ್ತಿದವು.
ನಂದೂ. ಸುಳ್ಳ್ಯಾಕ ಹೇಳಲಿ.

ಬಕೀಟಿನ ತಂಟೆಕ ಮಾತ್ರ ಯಾರೂ ಹೋಗಲಿಲ್ಲ.
ಮೊನ್ನೆ ಹೊಸ ಹುಡುಗನೊಬ್ಬ ಕಪ್ಪು ಹಿಡಕೊಂಡು ಬಂದ.
"ಮುಟ್ಟಬ್ಯಾಡೋ" ಅಂದ ವಿಠ್ಠಲ.
ಯಾಕಂತ ಅವನೂ ಹೇಳಲಿಲ್ಲ.