ಎಡಗಡೆಯ ಅಳತೆ

ಇಪ್ಪತ್ತೈದು ಸಲ ಬೇಡ, ಹದಿನೈದು ಸಾಕು ಎಂದರು ಡಾಕ್ಟರು.
ನಾನು ಮೊದಲು ಲೆಕ್ಕ ಹಾಕಿದ್ದು ಬಸ್ಸಿನ ಚಾರ್ಜು,
ಕಟಪಾಡಿಯಿಂದ ಮಂಗಳೂರಿಗೆ, ಹೋಗಿ ಬರಲಿಕ್ಕೆ.
ಆಮೇಲೆ ಮೇ ತಿಂಗಳ ಮದುವೆಯ ರವಕೆಗಳನ್ನು.

ಕೈ ಮೇಲೆತ್ತಿ ಮಲಗುವುದು.
ಉಳ್ಳಾಲದ ಹುಡುಗಿ ನೌಶೀನ್
ನೀಲಿ ಶಾಯಿಯಲ್ಲಿ ಎದೆಗೆ ಗೆರೆ ಎಳೆದು
"ಅಲುಗಾಡಬೇಡಿ ಆಂಟಿ" ಅನ್ನುತ್ತಾಳೆ.
ನನ್ನ ಚಾಕಿನ ಗೆರೆಯೂ ಬಟ್ಟೆಗೆ
ಹೀಗೇ ತಣ್ಣಗೆ ತಾಗಿರಬೇಕು.

ಒಂಬತ್ತನೆಯ ದಿನ ಉರಿ.
ಸುರತ್ಕಲ್ ದಾಟುವವರೆಗೆ
ಸೆರಗನ್ನು ಮೈಗೆ ತಾಗದ ಹಾಗೆ ಹಿಡಿದು ನಿಂತಿದ್ದೆ.
ಕಂಡಕ್ಟರಿಗೆ ಕೋಪ, ಒಳಗೆ ಹೋಗುವುದಿಲ್ಲವೆಂದು.

ಬೆನ್ನಿನ ತುಂಡು ತೆಗೆದು ಎದೆಗೆ ಹೊಲಿದದ್ದು ಒಳ್ಳೇ ಕೆಲಸವೇ,
ನಲವತ್ತು ವರ್ಷ ಹೊಲಿದವಳು ಹೇಳುತ್ತೇನೆ.
ಆದರೆ ದೀಪಾವಳಿ ಹೊತ್ತಿಗೆ ಅದು
ಗಟ್ಟಿಯಾಗಿ, ಮೇಲಕ್ಕೆ ಜಗ್ಗಿ,
ಕಂಕುಳ ಹತ್ತಿರ ಹೋಗಿ ಕೂತಿತು.

ಲೈನಿಂಗ್ ಬಟ್ಟೆಯನ್ನು ನಾವು ರಾತ್ರಿಯೇ ನೆನೆಸಿ,
ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ
ಕತ್ತರಿ ಹಾಕುವುದಲ್ವಾ ಡಾಕ್ಟ್ರೇ?
ಅವರು ನಕ್ಕರು. ಮತ್ತೆ ನಗಲಿಲ್ಲ.
"ಎರಡೂ ರೀತಿ ಮಾಡುವವರು ಉಂಟು"
ಎಂದರು, ಫೈಲು ಮುಚ್ಚಿ, ಪುನಃ ತೆರೆದು.

ಅಳತೆ ಪುಸ್ತಕದಲ್ಲಿ ಇವತ್ತು
ಜುಲಿಯಾನಾ ಬಾಯಿ, ಬೀಡಿ ಬ್ರಾಂಚಿನ ಪದ್ಮಕ್ಕ,
ಅವರ ಕೆಳಗೆ ಮೊದಲ ಸಲ ನನ್ನ ಹೆಸರು: ವಾರಿಜಾ.
ಎಡಕ್ಕೊಂದು ಅಂಕೆ, ಬಲಕ್ಕೊಂದು.
ಮುಕ್ಕಾಲು ಇಂಚು ವ್ಯತ್ಯಾಸ.

ಎರಡೂ ಬದಿ ಒಳಗೆ
ಎರಡು ಬೆರಳಷ್ಟು ಬಟ್ಟೆ ಬಿಟ್ಟು ಹೊಲಿದೆ,
ಬಿಚ್ಚಬೇಕಾಗಿ ಬಂದರೆ ಇರಲಿ ಅಂತ.