ಡೋಣಿಯ ನೇರಳೆ ಹಬ್ಬ

ಟಿಕೇಟ ಇಪ್ಪತ್ತು. ಫೋಟೊ ತಗದರ ಮತ್ತ ಹತ್ತು.
‘ಲ್ಯಾವೆಂಡರ್ ಹಬ್ಬ’ ಅಂತ ಫ್ಲೆಕ್ಸಿನ್ಯಾಗ
ಯಾವುದೋ ದೇಶದ ಗುಡ್ಡ, ಟೊಪಿಗಿ ಹಾಕ್ಕೊಂಡ ಹುಡುಗಿ.
ಹಿಂದ ನಮ್ಮ ಕಪ್ಪತಗುಡ್ಡ. ಅದರ ನೆತ್ತಿ ಮ್ಯಾಲ
ಮೂರು ಗಾಳಿಪಂಖ ತಿರುಗಾಕತ್ತಿದ್ದವು,
ಒಂದು ಕೆಟ್ಟು ನಿಂತಿತ್ತು.

ಅರ್ಧ ಎಕರೆ ಮಬ್ಬು ನೇರಳೆ ತೆನಿ, ನಡುವ ಜೋಕಾಲಿ.
ಗದಗಿನ ನರ್ಸಮ್ಮಗೋಳು ದುಪಟ್ಟಾ ಹಾರಿಸಿ ನಿಂತರು.
ಜೇನುಹುಳ ಟಿಕೇಟ ಇಲ್ಲದ ಒಳಗ ಹೊಂಟಿದ್ದವು.

ನಮ್ಮ ಫಕೀರವ್ವತ್ತಿ ಒಂದು ತೆನಿ ಮುರದು
ಅಂಗೈಯಾಗ ತಿಕ್ಕಿ ಮೂಸಿದ್ಲು:
‘ಏ ತಮ್ಮಾ, ಇದು ಕಾಮಕಸ್ತೂರಿ!’

ಹೊಲದ ಶೇಖಪ್ಪ ಸುತ್ತ ನೋಡಿದ.
‘ಸಾವಕಾಶ ಮಾತಾಡಬೇ ಯವ್ವಾ.
ಅದನ್ನ ಹಚ್ಚಿದ್ದೆ, ಖರೇನ. ನಮ್ಮ ಎರಿ ಒಪ್ಪಲಿಲ್ಲ.’

ಅತ್ತಿ ಎಲಿಅಡಿಕಿ ಚೀಲ ಬಿಚ್ಚಿ
ಹತ್ತರ ನೋಟು ಅವನ ಕೈಯಾಗಿಟ್ಟು
ಜೋಕಾಲ್ಯಾಗ ಕುಂತ್ಲು:
‘ತಗಿ ಫೋಟೊ.
ಕಾಲು ಬರೂಹಂಗ ತಗಿ, ಹೊಸಾ ಚಪ್ಪಲಿ.’

ರಾತ್ರಿ ಆಕಿ ಉಡಿ ಝಾಡಿಸಿದರ
ಒಂದು ಚಿಟಿಕಿ ಕರೀ ಬೀಜ.
ವಾಟಗದ ನೀರಾಗ ಹಾಕಿದ್ವಿ.
ಊಟ ಮುಗಿಯೂದರಾಗ ಒಂದೊಂದೂ ಬಿಳೇ ಪೊರಿ ತೊಟ್ಟು
ಕಪ್ಪಿ ತತ್ತಿಯಂಗ ಉಬ್ಬಿ ಕುಂತಿದ್ದವು.
ನಾ ಬಗ್ಗಿ ನೋಡಿದೆ.

‘ನೋಡಿದ್ದು ಸಾಕು,’ ಅಂದ್ಲು ಅತ್ತಿ,
‘ಸಕ್ಕರಿ ಹಾಕು.’