ಒಂದಕ್ಷರ ಎಡಕ್ಕೆ

ಮೂವತ್ತೊಂದು ವರ್ಷ ಮೊಳೆ ಜೋಡಿಸಿದ ಕೈ ಇದು.
ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ
ಟ್ರೆಡಲ್ ಮಿಷನ್ನು ಕಟಕಟಿಸುತ್ತಿರುವಾಗ
ಚಿಮುಟ ಹಿಡಿದು ಸಾಲಿನ ನಡುವಿಂದ
ಒಂದೇ ಒಂದು ಒತ್ತನ್ನು ಎತ್ತಿ
ಇನ್ನೊಂದನ್ನು ಕೂರಿಸಿದ ಕೈ,
ಪಕ್ಕದ ಅಕ್ಷರಕ್ಕೆ ಸುದ್ದಿ ಮುಟ್ಟದ ಹಾಗೆ.

ಫೋನಿನ ಗಾಜಿನ ಮೇಲೆ ಮಾತ್ರ
ಹೆಬ್ಬೆರಳೆಂದರೆ ಒನಕೆ.
ಕುಶಲದ ಶ ತಪ್ಪಿ ಸ ಬಿದ್ದರೆ
ನಡುವೆ ಮುಟ್ಟಲು ಹೋಗಿ ಕೊನೆ ಮುಟ್ಟಿ,
ಕೊನೆಯಿಂದ ಹಾರಿ ಮೊದಲಿಗೆ ಬಿದ್ದು,
ಸಾಕೆಂದು ಇಡೀ ಸಾಲನ್ನೇ ಅಳಿಸಿ
ಮತ್ತೆ ನಮಸ್ಕಾರದಿಂದ ಶುರು.
ತಮ್ಮನಿಗೆ ಒಂದು ಉತ್ತರ ಬರೆಯುವಷ್ಟರಲ್ಲಿ
ಅವನೇ ಫೋನು ಮಾಡಿರುತ್ತಿದ್ದ.

ನೋಡಿದವಳು ಸಫೂರಾ, ಜೆರಾಕ್ಸ್ ಅಂಗಡಿಯವಳು.
(ನಮ್ಮ ಪ್ರೆಸ್ಸಿದ್ದ ಜಾಗದಲ್ಲೇ ಅವಳ ಅಂಗಡಿ;
ಟೈಲ್ಸ್ ಕಿತ್ತರೆ ಈಗಲೂ ಸೀಸ ಸಿಕ್ಕೀತು.)
"ಅಂಕಲ್, ಗಾಜನ್ನು ಯಾಕೆ ಚುಚ್ಚುತ್ತೀರ?
ಕೆಳಗೆ ಉದ್ದ ಪಟ್ಟಿ ಇದೆಯಲ್ಲ, ಖಾಲಿ ಜಾಗದ್ದು,
ಅದರ ಮೇಲೆ ಬೆರಳಿಟ್ಟು ಸುಮ್ಮನೆ ಜಾರಿಸಿ."

ಜಾರಿಸಿದೆ.
ಆ ಮಿಣುಕುವ ಗೆರೆ
ಒಂದಕ್ಷರ ಎಡಕ್ಕೆ ನಡೆಯಿತು.
ಇನ್ನೊಂದು.
ಅಯ್ಯೋ, ನನ್ನ ಚಿಮುಟ!
ಎಲ್ಲಿ ಅಡಗಿದ್ದೆ ಮಾರಾಯ ಇಷ್ಟು ದಿನ?
ನಮ್ಮ ಕಾಲದಲ್ಲಿ ಖಾಲಿ ಜಾಗವೂ ಸೀಸದ್ದೇ ಕಣಮ್ಮ,
ಕೈಗೆ ತೂಕ ಸಿಗುತ್ತಿತ್ತು, ಅಂದೆ.
ಅವಳು ಆಧಾರ್ ಕಾರ್ಡು ಲ್ಯಾಮಿನೇಟ್ ಮಾಡುತ್ತಿದ್ದಳು.

ಆಮೇಲೆ ನಾನು ದಿನಾ ಹೋಗತೊಡಗಿದೆ.
ಪರದೆಗೆ ಮೂರು ಸಲ ತಟ್ಟಿದರೆ
ಅಕ್ಷರ ಮುಷ್ಟಿಯಷ್ಟಾಗುವುದು ಕಲಿತೆ.
ಸೆಲ್ಫಿಯಲ್ಲಿ ಬೋರ್ಡು ತಿರುಗುಮುರುಗಾದಾಗ
ಸರಿಮಾಡುವ ಗುಂಡಿ ತೋರಿಸಲು ಬಂದಳು.
ಬೇಡವೆಂದೆ.
ನನಗೆ ಹಾಗೇ ಓದಲು ಸಲೀಸು.

ಬರುವ ವೈಶಾಖಕ್ಕೆ ನಲವತ್ತು ವರ್ಷ.
ತಮ್ಮನ ಮಗಳು ಹೊಸ ಕಾರ್ಡು ಮಾಡುತ್ತಾಳಂತೆ,
ಹಳೆಯ ಲಗ್ನಪತ್ರಿಕೆಯ ಒಕ್ಕಣೆ ಬೇಕಂತೆ.
ಮೂರು ದಿನದ ಟೈಪಿಂಗು ಎಂದು ಕೂತಿದ್ದೆ.
"ಫೋಟೋ ತೆಗೀರಿ, ಅಕ್ಷರದ ಮೇಲೆ ಬೆರಳು ಒತ್ತಿ ಹಿಡೀರಿ."
ಹಿಡಿದರೆ,
ನಾನೇ ಕೂರಿಸಿದ ಮೊಳೆಗಳೆಲ್ಲ
ನೀಲಿ ಹೊದ್ದು ಕಾಗದದಿಂದ ಎದ್ದವು!
ಅರಿಶಿನದ ಕಲೆಯನ್ನು
ಪೂರ್ಣವಿರಾಮ ಎಂದುಕೊಂಡಿತು ಫೋನು.
ಭದ್ರಾವತಿಯ ಒತ್ತು ತಿಂದಿತು.
ಒಂದು ಮಾತು ಮಾತ್ರ ಇದ್ದದ್ದು ಇದ್ದ ಹಾಗೆ:
ಶುಭ ವಿವಾದ.

ಹಿಂದಿನ ದಿನ ಮೊಳೆ ಬಿಚ್ಚಿ ಗೂಡಿಗೆ ತುಂಬುವಾಗ
ಹ ಗೂಡಿಗೆ ಯಾರೋ ದ ಎಸೆದಿದ್ದರು.
ಯಾರೋ ಏನು, ನಾನೇ; ಮದುವೆಯ ಗುಂಗು.
ಪ್ರೂಫು ನೋಡಿದವನೂ ನಾನೇ.
ಐನೂರು ಪ್ರತಿ.
ಭದ್ರಾವತಿಯಿಂದ ಮೊದಲ ಬಸ್ಸಿಗೇ ಬಂದ ಮಾವ
ಪತ್ರಿಕೆಯನ್ನು ಮೂಗಿಗೆ ಹಿಡಿದು ಹೇಳಿದ್ದರು:
"ನಿಜ ಗೊತ್ತಾಗಲು ಎಲ್ಲರಿಗೂ ವರ್ಷ ಬೇಕು,
ನೀನು ಮೊದಲೇ ಅಚ್ಚು ಹಾಕಿಸಿದೆಯಲ್ಲಯ್ಯ."

"ತಪ್ಪಿದ್ದರೆ ಕೆಳಗೆ ಕೆಂಪು ಗೆರೆ ಬರುತ್ತೆ ಅಂಕಲ್."
ಬರಲಿಲ್ಲ.
ಅದೂ ಸರಿಯಾದ ಶಬ್ದವೇ ತಾನೇ.

ಬೆರಳಿಟ್ಟೆ, ಜಾರಿಸಿದೆ, ದ ಅಳಿಸಿದೆ, ಹ ಇಟ್ಟೆ.
ನಲವತ್ತು ವರ್ಷ ನಾಲಿಗೆ ಕಚ್ಚಿಕೊಂಡ ತಪ್ಪು
ಸಫೂರಾ ಚಿಲ್ಲರೆ ಎಣಿಸುವಷ್ಟರಲ್ಲಿ ಮಾಯ.

ರಾತ್ರಿ ನೀಲಾವತಿಯ ಮುಂದೆ ಫೋನು ಹಿಡಿದೆ,
ಮೂರು ಸಲ ತಟ್ಟಿ, ದೊಡ್ಡದು ಮಾಡಿ.
ಮೀನಿನ ಕೈ ಒರೆಸಿಕೊಂಡು ಓದಿದಳು,
ತಿಥಿ, ವಾರ, ಮುಹೂರ್ತ, ಅಪ್ಪನ ಹೆಸರು.
ಮೇಲಕ್ಕೆ ಹೋಗಿ ಇನ್ನೊಮ್ಮೆ ಓದಿದಳು.
"ಇದು ಯಾರ ಮದುವೇದು?"

ಖಾಲಿ ಪಟ್ಟಿಯ ಮೇಲೆ ಬೆರಳಿಟ್ಟೆ.
ಗೆರೆ ಎಡಕ್ಕೆ ಓಡಿ ಶುಭದ ಹತ್ತಿರ ನಿಂತಿತು.
"ಅತಿಯಾಯ್ತು, ಬಲಕ್ಕೆ."
ಗೊತ್ತಿದೆ.
"ಏನು ಗೊತ್ತಿದೆ, ಬಲಕ್ಕೆ ಅಂದೆ."
ಗೊತ್ತಿದೆ ಮಾರಾಯ್ತಿ.
"ಕೊಡಿ ಇಲ್ಲಿ."